ನಾಂತ್‌ನಿಂದ ಹೊರಟ ಅರವತ್ತು ಸಾವಿರ ಪಾರಿವಾಳ: ಒಂದು ರೇಸ್ ಕೆಟ್ಟ ಬಗೆ

1997ರ ಜೂನ್ 29, ಭಾನುವಾರ. ಫ್ರಾನ್ಸ್‌ನ ಪಶ್ಚಿಮ ಭಾಗದ ನಾಂತ್ ಊರಿನ ಬಯಲಲ್ಲಿ ಬೆಳಿಗ್ಗೆ ಆರೂವರೆಗೆ ಬುಟ್ಟಿಗಳ ಬಾಗಿಲು ತೆರೆದವು. ಅರವತ್ತು ಸಾವಿರಕ್ಕೂ ಹೆಚ್ಚು ಹೋಮರ್ ಪಾರಿವಾಳಗಳು, ಅಂದರೆ ದೂರ ಒಯ್ದು ಬಿಟ್ಟರೂ ತಮ್ಮ ಗೂಡಿಗೆ ಮರಳುವ ಪಾರಿವಾಳಗಳು, ಒಟ್ಟಿಗೆ ಮೇಲೆದ್ದವು. ಬ್ರಿಟನ್ನಿನ ರಾಯಲ್ ಪಿಜನ್ ರೇಸಿಂಗ್ ಅಸೋಸಿಯೇಷನ್‌ಗೆ ನೂರು ತುಂಬಿದ ಸಂಭ್ರಮಕ್ಕೆ ಇಟ್ಟ ರೇಸ್ ಅದು. ಇಂಗ್ಲೆಂಡಿನ ಊರೂರುಗಳಲ್ಲಿ ಹಕ್ಕಿ ಸಾಕಿದವರು ಮಧ್ಯಾಹ್ನದ ಹೊತ್ತಿಗೆ ಗೂಡಿನ ಮುಂದೆ ಕುರ್ಚಿ ಹಾಕಿಕೊಂಡು ಆಕಾಶ ನೋಡುತ್ತಾ ಕೂತರು. ಬರಬೇಕಾದ ಹೊತ್ತಿಗೆ ಹಕ್ಕಿ ಬರಲಿಲ್ಲ. ಸಂಜೆಯಾದರೂ ಬರಲಿಲ್ಲ. ಮುಂದಿನ ಕೆಲವು ದಿನಗಳಲ್ಲಿ ಕೆಲವೇ ಸಾವಿರ ಹಕ್ಕಿಗಳು ಒಂದೊಂದಾಗಿ ಬಂದು ಸೇರಿದವು. ಉಳಿದವು ಮತ್ತೆ ಕಾಣಲಿಲ್ಲ.

ಹೋಮರ್ ಸಾಕುವವರಿಗೆ ಹಕ್ಕಿ ಕಳೆದುಹೋಗುವುದು ಹೊಸದಲ್ಲ. ಪ್ರತಿ ಸೀಸನ್‌ನಲ್ಲೂ ಒಂದಷ್ಟು ಹೋಗುತ್ತವೆ. ಎಷ್ಟೇ ವರ್ಷ ಆದರೂ ಹಕ್ಕಿ ಕೂರುತ್ತಿದ್ದ ಖಾಲಿ ಪರ್ಚ್ ಮೇಲೆ ಕಣ್ಣು ಹೋದಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಆದರೆ ಒಂದೇ ದಿನ, ಒಂದೇ ರೇಸ್‌ನಲ್ಲಿ, ಸಾವಿರಾರು ಗೂಡುಗಳಲ್ಲಿ ಬೇರೆ ಬೇರೆ ಕೈಗಳಲ್ಲಿ ಬೆಳೆದ ಹಕ್ಕಿಗಳು ಹೀಗೆ ಮಾಯವಾಗುವುದು ಅಂದರೆ ಅದಕ್ಕೆ ಯಾರೋ ಒಬ್ಬರ ತರಬೇತಿ ಕಾರಣ ಆಗಿರಲು ಸಾಧ್ಯವಿಲ್ಲ. ಹೀಗಾಗಿಯೇ ಈ ಪ್ರಕರಣವನ್ನು ಬಿಡಿಸಿ ನೋಡಬೇಕು. ಗೆದ್ದ ರೇಸ್‌ಗಳ ಕಥೆ ಕೇಳಿದರೆ ಗೆದ್ದವನ ಕಾಳು, ಗೆದ್ದವನ ತಳಿ, ಗೆದ್ದವನ ಗುಟ್ಟು ಮಾತ್ರ ಸಿಗುತ್ತದೆ. ಹಕ್ಕಿ ಹೇಗೆ ಮನೆಗೆ ಬರುತ್ತದೆ, ಯಾವಾಗ ಬರಲಾರದು ಅನ್ನುವುದು ಇಂಥ ದಿನದಿಂದಲೇ ಗೊತ್ತಾಗಬೇಕು.

ಮೊದಲು ದೂರದ ಲೆಕ್ಕ. ನಾಂತ್‌ನಿಂದ ಲಂಡನ್‌ಗೆ ನೇರ ಗೆರೆ ಎಳೆದರೆ ಸುಮಾರು 490 ಕಿಲೋಮೀಟರ್. ಹೈದರಾಬಾದ್‌ನಿಂದ ಬೆಂಗಳೂರಿಗೂ ಹೆಚ್ಚು ಕಡಿಮೆ ಅಷ್ಟೇ. ಉತ್ತರ ಇಂಗ್ಲೆಂಡಿನ ಗೂಡುಗಳಿಗೆ ಇನ್ನೂ ಇನ್ನೂರು ಕಿಲೋಮೀಟರ್ ಜಾಸ್ತಿ. ಒಳ್ಳೆಯ ಹೋಮರ್ ಗಾಳಿ ಇಲ್ಲದ ದಿನ ನಿಮಿಷಕ್ಕೆ 1,200 ಮೀಟರ್ ಹೋದರೆ ಗಂಟೆಗೆ 72 ಕಿಲೋಮೀಟರ್ ಆಯಿತು. ಹಾಗಾದರೆ ಲಂಡನ್‌ವರೆಗೆ ಏಳು ಗಂಟೆಗೆ ಒಂದಿಷ್ಟು ಕಡಿಮೆ. ಬೆಳಿಗ್ಗೆ ಬಿಟ್ಟ ಹಕ್ಕಿ ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಮನೆಯಲ್ಲಿ ಇರಬೇಕು.

ಹೈದರಾಬಾದ್ ದಾರಿಗೂ ನಾಂತ್ ದಾರಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮ ಹಕ್ಕಿ ಉದ್ದಕ್ಕೂ ನೆಲದ ಮೇಲೆ ಬರುತ್ತದೆ. ಸುಸ್ತಾದರೆ ಕರ್ನೂಲಿನಲ್ಲೋ ಅನಂತಪುರದಲ್ಲೋ ಯಾರದೋ ಮಾಳಿಗೆ ಮೇಲೆ ಇಳಿಯುತ್ತದೆ, ತೊಟ್ಟಿಯಲ್ಲಿ ನೀರು ಕುಡಿಯುತ್ತದೆ, ಮರುದಿನ ಹೊರಡುತ್ತದೆ. ನಾಂತ್ ಹಕ್ಕಿಗೆ ಮಧ್ಯದಲ್ಲಿ ಇಂಗ್ಲಿಷ್ ಕಾಲುವೆ ಅನ್ನುವ ಸಮುದ್ರ ಸಿಗುತ್ತದೆ. ಪಾರಿವಾಳಕ್ಕೆ ನೀರಿನ ಮೇಲೆ ಹಾರುವುದು ಇಷ್ಟವಿಲ್ಲ. ದಡಕ್ಕೆ ಬಂದು ಸುತ್ತು ಹೊಡೆಯುತ್ತದೆ, ಕೆಲವು ಹಿಂದಕ್ಕೆ ತಿರುಗುತ್ತವೆ. ಒಮ್ಮೆ ದಾಟಲು ಹೊರಟ ಮೇಲೆ ದಾರಿ ತಪ್ಪಿದರೆ ಇಳಿಯಲು ಜಾಗವಿಲ್ಲ. ಹಡಗು ಸಿಕ್ಕರೆ ಉಂಟು, ಇಲ್ಲದಿದ್ದರೆ ರೆಕ್ಕೆ ಸೋಲುವ ತನಕ ಹಾರಬೇಕು.

ಬೆಳಿಗ್ಗೆ ಆರೂವರೆಗೆ ಹೊರಟ ಗುಂಪು ಹನ್ನೊಂದರ ಸುಮಾರಿಗೆ ಫ್ರಾನ್ಸ್‌ನ ನೆಲ ಬಿಟ್ಟು ಈ ನೀರಿನ ಮೇಲೆ ಇತ್ತು. ಏನಾಯಿತೋ ಅದು ಅಲ್ಲೇ ಆಯಿತು ಅನ್ನುವುದು ಎಲ್ಲರ ಅಂದಾಜು.

ಇಂಥ ರೇಸ್ ಕೆಟ್ಟಾಗ ಸಾಕುವವರ ಬಾಯಲ್ಲಿ ಮೊದಲು ಬರುವ ಮಾತು ಗಿಡುಗ. ಗಿಡುಗ ಗುಂಪಿನ ಮೇಲೆ ಎರಗಿದರೆ ಒಂದನ್ನು ಹಿಡಿಯುತ್ತದೆ, ನೂರನ್ನು ಚದುರಿಸುತ್ತದೆ. ಚದುರಿದವು ದಿಕ್ಕು ತಪ್ಪಿ ತಡವಾಗಿ ಬರುತ್ತವೆ. ಆದರೆ ಅರವತ್ತು ಸಾವಿರ ಹಕ್ಕಿಯನ್ನು ಹಾಳು ಮಾಡುವಷ್ಟು ಗಿಡುಗ ಯಾವ ದೇಶದಲ್ಲೂ ಇಲ್ಲ. ಎರಡನೆಯದು ರೋಗ. ಲಾರಿಯಲ್ಲಿ ಬೇರೆ ಬೇರೆ ಗೂಡಿನ ಹಕ್ಕಿಗಳು ಒಂದೇ ನೀರು ಕುಡಿಯುತ್ತವೆ, ಸೋಂಕು ಹರಡುತ್ತದೆ, ನಿಜ. ಅದರ ಫಲ ಕಾಣುವುದು ದಿನಗಳ ಮೇಲೆ. ಬೆಳಿಗ್ಗೆ ಚೆನ್ನಾಗಿ ಎದ್ದು ಹೋದ ಹಕ್ಕಿ ಮಧ್ಯಾಹ್ನಕ್ಕೆ ರೋಗದಿಂದ ಬೀಳುವುದಿಲ್ಲ. ಮೂರನೆಯದು ತಯಾರಿ ಸಾಲದು ಅನ್ನುವುದು. ಇಂಥ ಪ್ರತಿಷ್ಠೆಯ ರೇಸ್‌ಗೆ ಯಾರೂ ಹಸಿ ಮರಿ ಕಳಿಸುವುದಿಲ್ಲ. ಕಳಿಸಿದರೂ ಒಬ್ಬಿಬ್ಬರು ಕಳಿಸಿಯಾರು, ಎಲ್ಲರೂ ಅಲ್ಲ.

ಹವಾಮಾನ ಅಂತಲೂ ಹೇಳುವವರಿದ್ದಾರೆ. ಮಳೆ, ಮಂಜು, ಎದುರುಗಾಳಿ ಬಂದರೆ ರೇಸ್ ನಿಧಾನ ಆಗುತ್ತದೆ. ಹಕ್ಕಿಗಳು ದಡದಲ್ಲಿ ನಿಂತು ಮರುದಿನ ಬೆಳಿಗ್ಗೆ ಗುಂಪು ಗುಂಪಾಗಿ ಬರುತ್ತವೆ. ಹಾಗೆ ಬಂದರೆ ಕಾರಣ ಗೊತ್ತಾಗುತ್ತದೆ. ಇಲ್ಲಿ ಹಾಗೆ ಬರಲಿಲ್ಲ.

ಇದಕ್ಕೆ ಬೇರೆಯೇ ಉತ್ತರ ಕೊಟ್ಟವರು ಪಾರಿವಾಳ ಸಾಕುವವರಲ್ಲ. ಅಮೆರಿಕದ ಭೂಗರ್ಭ ಇಲಾಖೆಯ ವಿಜ್ಞಾನಿ ಜಾನ್ ಹ್ಯಾಗ್‌ಸ್ಟ್ರಮ್. ಅವರ ಕೆಲಸ ಕಲ್ಲು, ಭೂಮಿಯ ಅಯಸ್ಕಾಂತ ಶಕ್ತಿ, ಇಂಥವು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಪಾರಿವಾಳದ ಸಂಶೋಧಕ ವಿಲಿಯಂ ಕೀಟನ್ ಅವರ ಉಪನ್ಯಾಸ ಕೇಳಿ, ಆ ಪ್ರಶ್ನೆಯನ್ನು ತಲೆಯಲ್ಲಿ ಇಟ್ಟುಕೊಂಡಿದ್ದವರು. 2000ದಲ್ಲಿ ಅವರು ಬರೆದ ಪ್ರಬಂಧದಲ್ಲಿ ನಾಂತ್ ರೇಸ್ ಸೇರಿ, ಯುರೋಪ್ ಮತ್ತು ಅಮೆರಿಕದ ಈಶಾನ್ಯ ಭಾಗದಲ್ಲಿ ಕೆಟ್ಟುಹೋದ ನಾಲ್ಕು ರೇಸ್‌ಗಳನ್ನು ಒಟ್ಟಿಗೆ ಇಟ್ಟು ನೋಡಿದರು. ನಾಲ್ಕರಲ್ಲೂ ಹಕ್ಕಿಗಳ ದಾರಿಗೆ ಅಡ್ಡ ಬಂದದ್ದು ಒಂದೇ. ಸದ್ದಿಗಿಂತ ವೇಗವಾಗಿ ಹಾರುತ್ತಿದ್ದ ಪ್ರಯಾಣಿಕ ವಿಮಾನ ಕಾಂಕಾರ್ಡ್‌ನ ಸದ್ದಿನ ಅಲೆ.

ಇದನ್ನು ಅರ್ಥ ಮಾಡಿಕೊಳ್ಳಲು ಹಕ್ಕಿ ದಾರಿ ಹಿಡಿಯುವ ಬಗೆ ಸ್ವಲ್ಪ ಗೊತ್ತಿರಬೇಕು. ಜರ್ಮನಿಯ ಗುಸ್ಟಾವ್ ಕ್ರಾಮರ್ 1950ರ ದಶಕದಲ್ಲೇ ಹೇಳಿದ್ದು: ಹಕ್ಕಿಗೆ ಎರಡು ಬೇಕು, ನಕ್ಷೆ ಮತ್ತು ದಿಕ್ಸೂಚಿ. ನಾನು ಈಗ ಎಲ್ಲಿದ್ದೇನೆ, ಮನೆ ನನ್ನಿಂದ ಯಾವ ಕಡೆ ಇದೆ ಅನ್ನುವುದು ನಕ್ಷೆ. ಆ ಕಡೆ ಅಂದರೆ ಯಾವ ಕಡೆ ಅನ್ನುವುದು ದಿಕ್ಸೂಚಿ. ದಿಕ್ಸೂಚಿಯ ವಿಷಯ ಬಹುಪಾಲು ಬಗೆಹರಿದಿದೆ. ಬಿಸಿಲಿದ್ದರೆ ಸೂರ್ಯ. ಬೆಳಕಿನ ಹೊತ್ತು ಬದಲಿಸಿ ಹಕ್ಕಿಯ ಒಳಗಡಿಯಾರವನ್ನು ಆರು ಗಂಟೆ ಹಿಂದೆ ಮುಂದೆ ಮಾಡಿದರೆ ಅದು ಸುಮಾರು 90 ಡಿಗ್ರಿ ತಪ್ಪು ದಿಕ್ಕಿಗೆ ಹೊರಡುತ್ತದೆ. ಮೋಡ ಕವಿದಿದ್ದರೆ ಭೂಮಿಯ ಅಯಸ್ಕಾಂತ. ಕೀಟನ್ 1971ರಲ್ಲಿ ಹಕ್ಕಿಗಳಿಗೆ ಪುಟ್ಟ ಅಯಸ್ಕಾಂತ ಕಟ್ಟಿ ಬಿಟ್ಟಾಗ ಬಿಸಿಲಿನ ದಿನ ಏನೂ ಆಗಲಿಲ್ಲ, ಮೋಡದ ದಿನ ದಿಕ್ಕು ಗೊಂದಲವಾಯಿತು.

ನಕ್ಷೆಯ ವಿಷಯ ಇವತ್ತಿಗೂ ಜಗಳ. ಇಟಲಿಯ ಪೀಸಾದಲ್ಲಿ ಫ್ಲೋರಿಯಾನೋ ಪಾಪಿ ಮತ್ತು ಸಂಗಡಿಗರು 1972ರಲ್ಲಿ ಮೂಗಿನ ನರ ಕತ್ತರಿಸಿದ ಹಕ್ಕಿಗಳು ಗೊತ್ತಿಲ್ಲದ ಜಾಗದಿಂದ ಮನೆಗೆ ಬರಲಾರವು ಅಂತ ತೋರಿಸಿದರು. ಗಾಳಿ ಹೊತ್ತು ತರುವ ವಾಸನೆಯೇ ನಕ್ಷೆ ಅನ್ನುವುದು ಅವರ ವಾದ. ಹ್ಯಾಗ್‌ಸ್ಟ್ರಮ್ ಹೇಳುವುದು, ನಕ್ಷೆ ಸದ್ದಿನಲ್ಲಿದೆ ಅಂತ. ನಮ್ಮ ಕಿವಿಗೆ ಸೆಕೆಂಡಿಗೆ 20 ಕಂಪನಕ್ಕಿಂತ ಕೆಳಗಿನದು ಕೇಳುವುದಿಲ್ಲ. ಪಾರಿವಾಳಕ್ಕೆ 0.05 ಹರ್ಟ್ಸ್‌ವರೆಗೂ, ಅಂದರೆ ಇಪ್ಪತ್ತು ಸೆಕೆಂಡಿಗೆ ಒಂದು ಸಲ ಏರಿ ಇಳಿಯುವ ಅಲೆಯೂ ಗೊತ್ತಾಗುತ್ತದೆ. ಸಮುದ್ರದ ಅಲೆಗಳು ಒಂದಕ್ಕೊಂದು ಬಡಿದು ನೆಲವನ್ನು ಸದಾ ಸಣ್ಣಗೆ ಅಲುಗಿಸುತ್ತಿರುತ್ತವೆ. ಗುಡ್ಡ, ಕಣಿವೆಯ ಗೋಡೆಗಳು ಆ ಅಲುಗಾಟವನ್ನು ಗಾಳಿಗೆ ಬಿಡುತ್ತವೆ. ಅಂಥ ಸದ್ದು ನೂರಾರು ಕಿಲೋಮೀಟರ್ ಹೋಗುತ್ತದೆ. ಕತ್ತಲಲ್ಲಿ ಹೊಲದಿಂದ ಬರುವವನಿಗೆ ಊರ ಜಾತ್ರೆಯ ತಮಟೆ ಸದ್ದು ದಾರಿ ತೋರುವ ಹಾಗೆ, ಗೂಡಿನ ಸುತ್ತಲ ಬೆಟ್ಟಗುಡ್ಡದ ಸದ್ದು ಹಕ್ಕಿಗೆ ದಾರಿ ತೋರುತ್ತದೆ ಅನ್ನುವುದು ಅವರ ವಿಚಾರ.

ಆ ಭಾನುವಾರ ಹನ್ನೊಂದರ ಹೊತ್ತಿಗೆ ಪ್ಯಾರಿಸ್‌ನಿಂದ ನ್ಯೂಯಾರ್ಕ್‌ಗೆ ಹೊರಟ ಕಾಂಕಾರ್ಡ್ ಇದೇ ಕಾಲುವೆಯ ಮೇಲೆ ಹೋಗುತ್ತಿತ್ತು. ಜನರಿರುವ ನೆಲದ ಮೇಲೆ ಸದ್ದಿನ ವೇಗ ದಾಟಲು ಅದಕ್ಕೆ ಅನುಮತಿ ಇರಲಿಲ್ಲ. ಹಾಗಾಗಿ ನೀರಿನ ಮೇಲೆ ಬಂದ ಮೇಲೆಯೇ ವೇಗ ಏರಿಸುತ್ತಿತ್ತು. ಮನುಷ್ಯರಿಗೆ ತೊಂದರೆ ಆಗದಿರಲಿ ಅಂತ ಮಾಡಿದ ನಿಯಮ ಪೂರ್ತಿ ಸದ್ದನ್ನು ಹಕ್ಕಿಗಳ ದಾರಿಯ ಮೇಲೆ ಸುರಿಯಿತು.

ವಿಮಾನ ಸದ್ದಿಗಿಂತ ವೇಗವಾಗಿ ಹೋದಾಗ ಏಳುವ ಸ್ಫೋಟದಂಥ ಸದ್ದು, ಸಾನಿಕ್ ಬೂಮ್, ಅಂದರೆ ಏನು ಅಂತ ಬೆಂಗಳೂರಿನವರಿಗೆ ಹೇಳಿಕೊಡಬೇಕಾಗಿಲ್ಲ. 2020ರ ಮೇ 20ರ ಮಧ್ಯಾಹ್ನ ಊರಿಗೆ ಊರೇ ಬೆಚ್ಚಿಬಿದ್ದಿತ್ತು. ಕಿಟಕಿಗಳು ಅದುರಿದವು. ಭೂಕಂಪ ಅಂತ ಜನ ಮನೆಯಿಂದ ಹೊರಗೆ ಬಂದರು. ಆಮೇಲೆ ರಕ್ಷಣಾ ಇಲಾಖೆ ಹೇಳಿತು, ವಾಯುಪಡೆಯ ವಿಮಾನದ ಪರೀಕ್ಷಾ ಹಾರಾಟ, ಊರಿನ ಹೊರಗೆ 36,000ದಿಂದ 40,000 ಅಡಿ ಎತ್ತರದಲ್ಲಿ ಸದ್ದಿನ ವೇಗದಿಂದ ಕೆಳಗಿಳಿಯುವಾಗ ಬಂದ ಸದ್ದು ಅಂತ. ಅಷ್ಟು ಎತ್ತರದಿಂದ, ಊರ ಹೊರಗಿನಿಂದ ಬಂದದ್ದು ಹೆಬ್ಬಾಳದಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ಕೇಳಿಸಿತು. ನಮಗೆ ಕೇಳಿಸಿದ್ದು ಆ ಅಲೆಯ ಮೇಲಿನ, ಬೇಗ ಬೇಗ ಕಂಪಿಸುವ ಭಾಗ ಮಾತ್ರ. ಅದರ ಕೆಳಗಿನ ಭಾಗ, ನಮ್ಮ ಕಿವಿಗೆ ಸಿಗದ್ದು, ಪಾರಿವಾಳಕ್ಕೆ ಪೂರ್ತಿ ಸಿಗುತ್ತದೆ. ಕಾಂಕಾರ್ಡ್ ಹೋದ ದಾರಿಯುದ್ದಕ್ಕೂ ಹತ್ತಾರು ಕಿಲೋಮೀಟರ್ ಅಗಲಕ್ಕೆ ಈ ಅಲೆ ನೀರಿನ ಮೇಲೆ ಬಂದು ಬಡಿಯುತ್ತಿತ್ತು. ಕೆಳಗೆ ಹಾರುತ್ತಿದ್ದ ಹಕ್ಕಿಗೆ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ.

ಈ ವಿವರಣೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಮಾತು. ಮನೆ ಸೇರಿದ ಹಕ್ಕಿಗಳು ಯಾವುವು? ಹ್ಯಾಗ್‌ಸ್ಟ್ರಮ್ ಲೆಕ್ಕದ ಪ್ರಕಾರ ಅವು ನಿಧಾನದವು. ಕಾಂಕಾರ್ಡ್ ಹಾದು ಹೋದಾಗ ಇನ್ನೂ ಕಾಲುವೆಯ ಈಚೆ, ಫ್ರಾನ್ಸ್ ಕಡೆಯೇ ಉಳಿದಿದ್ದವು. ಮುಂದೆ ಹೋದ ಚುರುಕಿನ ಹಕ್ಕಿಗಳು, ಬೇರೆ ಯಾವ ದಿನವಾದರೂ ಕಪ್ ಗೆಲ್ಲುತ್ತಿದ್ದವು, ಆ ಅಲೆಯ ಕೆಳಗೆ ಸಿಕ್ಕವು. ಆ ದಿನ ಇಂಗ್ಲೆಂಡಿನ ಗೂಡುಗಳಿಂದ ಹೋದದ್ದು ಬರೀ ಸಂಖ್ಯೆ ಅಲ್ಲ, ಎಷ್ಟೋ ಮನೆಗಳ ಅತ್ಯುತ್ತಮ ರಕ್ತ.

ಹಾಗಾದರೆ ವಿಷಯ ಮುಗಿಯಿತಾ? ಇಲ್ಲ. ಸಮಾಧಾನವಾಗಿ ಎದುರು ವಾದ ಕೇಳಬೇಕು.

ಕಾಂಕಾರ್ಡ್ 1976ರಿಂದ 2003ರವರೆಗೆ ಪ್ರಯಾಣಿಕರನ್ನು ಹೊತ್ತು ಹಾರಿತು. ಅಷ್ಟೂ ವರ್ಷ ಫ್ರಾನ್ಸ್‌ನಿಂದ ಇಂಗ್ಲೆಂಡಿಗೆ ರೇಸ್‌ಗಳು ನಡೆದವು. ಎಲ್ಲವೂ ಹೀಗೆ ಕೆಡಲಿಲ್ಲ. ಇದಕ್ಕೆ ಉತ್ತರ ಇದೆ: ವಿಮಾನವೂ ಗುಂಪೂ ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಬರಬೇಕು, ಅರ್ಧ ಗಂಟೆ ಆಚೀಚೆ ಆದರೂ ಹಕ್ಕಿ ಪಾರು. ಎರಡನೆಯದು ಇನ್ನೂ ಗಟ್ಟಿ ಆಕ್ಷೇಪ. ಜರ್ಮನಿಯ ಹಾನ್ಸ್ ವಾಲ್‌ರಾಫ್ 1972ರಲ್ಲೇ ಒಳಕಿವಿಯ ಕೇಳುವ ಭಾಗವನ್ನು ತೆಗೆದ ಪಾರಿವಾಳಗಳೂ ಮನೆಗೆ ಬಂದವು ಅಂತ ವರದಿ ಮಾಡಿದ್ದರು. ಕಿವಿಯೇ ಇಲ್ಲದ ಹಕ್ಕಿ ಬರುವುದಾದರೆ ಸದ್ದೊಂದೇ ನಕ್ಷೆ ಅನ್ನಲಾಗುವುದಿಲ್ಲ. ಮೂರನೆಯದು, ಕಾಂಕಾರ್ಡ್ ನಿಂತ ಮೇಲೂ ಇಂಥ ದಿನಗಳು ನಿಂತಿಲ್ಲ. 2021ರ ಜೂನ್ 19ರಂದು ಬ್ರಿಟನ್ನಿನಲ್ಲಿ ಬಹಳ ರೇಸ್‌ಗಳು ಕೆಟ್ಟವು. ಪೀಟರ್‌ಬರೋದಿಂದ ಈಶಾನ್ಯ ಇಂಗ್ಲೆಂಡಿಗೆ ಬಿಟ್ಟ ಸಾವಿರಾರು ಹಕ್ಕಿಗಳಲ್ಲಿ ಅರ್ಧದಷ್ಟು ಕಾಣೆಯಾದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅದು ಪೂರ್ತಿ ನೆಲದ ಮೇಲಿನ, ಕೆಲವೇ ಗಂಟೆಯ ರೇಸ್. ಆಗ ಜನ ಬೆರಳು ತೋರಿಸಿದ್ದು ಸೂರ್ಯನ ಕಡೆಗೆ, ಅಲ್ಲಿಂದ ಬಂದು ಭೂಮಿಯ ಅಯಸ್ಕಾಂತವನ್ನು ಕದಡುವ ಸೌರ ಬಿರುಗಾಳಿಯ ಕಡೆಗೆ.

ಇನ್ನೊಂದು ಕಡೆ, ಸದ್ದಿನ ವಾದಕ್ಕೆ ಬಲ ಕೊಡುವ ಸಾಕ್ಷಿಯೂ ಇದೆ. ಕಾರ್ನೆಲ್‌ನ ಗೂಡಿನ ಹಕ್ಕಿಗಳನ್ನು ಜರ್ಸಿ ಹಿಲ್ ಅನ್ನುವ ಗುಡ್ಡದಿಂದ ಬಿಟ್ಟಾಗಲೆಲ್ಲ ಅವು ದಿಕ್ಕಿಲ್ಲದೆ ಹೋಗುತ್ತಿದ್ದವು. ಬೇರೆ ಗೂಡಿನ ಹಕ್ಕಿಗಳಿಗೆ ಅದೇ ಜಾಗದಲ್ಲಿ ಏನೂ ತೊಂದರೆ ಇರಲಿಲ್ಲ. 1969ರ ಆಗಸ್ಟ್ 13ರಂದು ಮಾತ್ರ ಕಾರ್ನೆಲ್ ಹಕ್ಕಿಗಳು ನೇರ ಮನೆ ಕಡೆ ಹೊರಟವು. ಯಾಕೆ ಅಂತ ಕೀಟನ್‌ಗೆ ಕೊನೆವರೆಗೂ ತಿಳಿಯಲಿಲ್ಲ. ಹ್ಯಾಗ್‌ಸ್ಟ್ರಮ್ 2013ರಲ್ಲಿ ಹಳೆಯ ಹವಾಮಾನದ ದಾಖಲೆ ತೆಗೆದು ಲೆಕ್ಕ ಹಾಕಿದರು. ಕಾರ್ನೆಲ್ ಕಡೆಯಿಂದ ಬರುವ ಸದ್ದು ಸಾಮಾನ್ಯವಾಗಿ ಮೇಲಕ್ಕೆ ಬಾಗಿ ಜರ್ಸಿ ಹಿಲ್ ಮೇಲೆ ಹಾದು ಹೋಗುತ್ತದೆ, ಗುಡ್ಡ ಸದ್ದಿನ ನೆರಳಲ್ಲಿ ಉಳಿಯುತ್ತದೆ. ಆ ಒಂದು ದಿನ ಗಾಳಿ ಮತ್ತು ಉಷ್ಣತೆಯ ಪದರಗಳು ಸದ್ದನ್ನು ಕೆಳಕ್ಕೆ ಬಗ್ಗಿಸಿದ್ದವು. ಇದನ್ನು ಓದಿದಾಗ ಮೈ ಜುಮ್ಮೆಂದಿತು, ಸುಳ್ಳಲ್ಲ.

ನನ್ನ ತೀರ್ಮಾನ ಇಷ್ಟು. ಹಕ್ಕಿಗೆ ಒಂದೇ ನಕ್ಷೆ ಇಲ್ಲ. ವಾಸನೆ, ಸದ್ದು, ಅಯಸ್ಕಾಂತ, ಹತ್ತಿರ ಬಂದ ಮೇಲೆ ಕಣ್ಣಿಗೆ ಕಾಣುವ ರಸ್ತೆ, ಕೆರೆ, ಬೆಟ್ಟ, ಎಲ್ಲವನ್ನೂ ಅದು ಬಳಸುತ್ತದೆ. ಒಂದು ಹೋದರೆ ಇನ್ನೊಂದನ್ನು ಹುಡುಕಿ ಹಿಡಿಯಲು ಸಮಯ ಬೇಕು, ಕೂರಲು ಜಾಗ ಬೇಕು, ಮೈಯಲ್ಲಿ ಉಳಿದ ಶಕ್ತಿ ಬೇಕು. ನಾಂತ್ ಹಕ್ಕಿಗಳಿಗೆ ಕಾಲುವೆಯ ಮಧ್ಯೆ ಸಮಯವೂ ಇರಲಿಲ್ಲ, ಜಾಗವೂ ಇರಲಿಲ್ಲ. ಸದ್ದು ದಾರಿ ತಪ್ಪಿಸಿತು, ನೀರು ಕೊಂದಿತು. ನೆಲದ ಮೇಲೆ ಇದೇ ಆಗಿದ್ದರೆ ಅರ್ಧಕ್ಕಿಂತ ಜಾಸ್ತಿ ಹಕ್ಕಿಗಳು ವಾರದೊಳಗೆ ಮನೆ ಸೇರುತ್ತಿದ್ದವು ಅಂತ ನನಗೆ ಅನಿಸುತ್ತದೆ.

ಇದರಲ್ಲಿ ತರಬೇತಿಗೆ ಏನಿದೆ ಅಂತ ಕೇಳಬಹುದು. ತುಂಬಾ ಇದೆ. ಕಾಂಕಾರ್ಡ್ ನಮ್ಮ ಕೈಯಲ್ಲಿಲ್ಲ, ಸೂರ್ಯನೂ ಇಲ್ಲ. ದಾರಿ ಕಲಸಿಹೋದಾಗ ಹಕ್ಕಿ ಏನು ಮಾಡುತ್ತದೆ ಅನ್ನುವುದು ಮಾತ್ರ ಸ್ವಲ್ಪ ಮಟ್ಟಿಗೆ ನಮ್ಮ ಕೈಯಲ್ಲಿದೆ.

ಮೊದಲು ಗುಂಪಿನ ವಿಷಯ. ಅರವತ್ತು ಸಾವಿರ ಹಕ್ಕಿ ಒಟ್ಟಿಗೆ ಎದ್ದರೆ ಅದರಲ್ಲಿ ನಿಜವಾಗಿ ದಾರಿ ನೋಡುವವು ಎಷ್ಟು? 2010ರಲ್ಲಿ ಹಂಗೇರಿ ಮತ್ತು ಆಕ್ಸ್‌ಫರ್ಡ್‌ನ ಸಂಶೋಧಕರು ಪಾರಿವಾಳಗಳ ಬೆನ್ನಿಗೆ ಪುಟ್ಟ ಜಿಪಿಎಸ್ ಕಟ್ಟಿ ಹಾರಿಸಿದರು. ಗುಂಪಿನಲ್ಲಿ ಮೇಲುಕೀಳಿನ ಒಂದು ಕ್ರಮ ಇತ್ತು. ಮುಂದಿನ ಕೆಲವು ತಿರುಗಿದ ಒಂದು ಸೆಕೆಂಡಿನೊಳಗೆ ಹಿಂದಿನವು ತಿರುಗುತ್ತಿದ್ದವು. ಬಹಳ ಹಕ್ಕಿಗಳ ಕೆಲಸ ಹಿಂಬಾಲಿಸುವುದಷ್ಟೇ. 2011ರಲ್ಲಿ ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು ಇನ್ನೊಂದು ತೋರಿಸಿದರು. ದಟ್ಟ ಗುಂಪಿನಲ್ಲಿ ಹಾರುವಾಗ ಪಾರಿವಾಳ ರೆಕ್ಕೆಯನ್ನು ಹೆಚ್ಚು ಬೇಗ ಬಡಿಯಬೇಕು, ಶಕ್ತಿ ಜಾಸ್ತಿ ಖರ್ಚಾಗುತ್ತದೆ. ಹೆಬ್ಬಾತುಗಳ ಸಾಲಿನಂತೆ ಇದರಲ್ಲಿ ಉಳಿತಾಯ ಇಲ್ಲ. ಅಂದರೆ ಗುಂಪಿನಲ್ಲೇ ಹಾರಿ ಅಭ್ಯಾಸವಾದ ಹಕ್ಕಿ ತಲೆಯನ್ನೂ ಬಳಸುವುದಿಲ್ಲ, ಮೈಯನ್ನೂ ಸವೆಸಿಕೊಳ್ಳುತ್ತದೆ. ಗುಂಪು ಒಡೆದ ದಿನ ಅದು ಅನಾಥ.

ಇದಕ್ಕೆ ಮದ್ದು ಒಂಟಿ ಟಾಸ್, ಅಂದರೆ ಅಭ್ಯಾಸಕ್ಕೆ ಒಯ್ದು ಒಂದೊಂದೇ ಹಕ್ಕಿಯನ್ನು ಬಿಡುವುದು. ಬೆಂಗಳೂರಿನಿಂದ ಉತ್ತರದ ಕಡೆಗೆ ರೇಸ್ ಮಾಡುವವರು ಮರಿಗಳನ್ನು ಮೊದಲು ದೇವನಹಳ್ಳಿ, ಚಿಕ್ಕಬಳ್ಳಾಪುರ, ಆಮೇಲೆ ಬಾಗೇಪಲ್ಲಿ, ಪೆನುಕೊಂಡ ಅಂತ ದೂರ ಏರಿಸುತ್ತಾ ಹೋಗುತ್ತಾರೆ. ಬಹುತೇಕ ಎಲ್ಲವನ್ನೂ ಒಟ್ಟಿಗೆ ಬಿಡುತ್ತಾರೆ. ಬುಟ್ಟಿ ತೆರೆದರು, ಎದ್ದವು, ಕೆಲಸ ಮುಗಿಯಿತು. ಅದರ ಬದಲು ದಾರಿ ಗೊತ್ತಾದ ಮೇಲೆ ಒಂದೊಂದನ್ನೇ ಬಿಟ್ಟು ನೋಡಿ. ಚಿಕ್ಕಬಳ್ಳಾಪುರದ ಆಚೆ ಬಯಲಲ್ಲಿ ಬುಟ್ಟಿ ನೆಲಕ್ಕಿಟ್ಟು, ಬಾಗಿಲನ್ನು ಒಂದು ಹಕ್ಕಿಯಷ್ಟೇ ತೆರೆಯಿರಿ. ಅದು ಎದ್ದು ಎರಡು ಮೂರು ಸುತ್ತು ಹೊಡೆಯುತ್ತದೆ. ಬುಟ್ಟಿಯೊಳಗೆ ಉಳಿದವು ಗುಟುರು ಹಾಕುವುದು ಕೇಳಿ ಮತ್ತೆ ಕೆಳಕ್ಕೆ ಬರುತ್ತದೆ. ಕತ್ತು ಆಚೀಚೆ ತಿರುಗಿಸುತ್ತದೆ. ಯಾರೂ ಜೊತೆಗೆ ಬರುವುದಿಲ್ಲ ಅಂತ ಖಾತ್ರಿಯಾದ ಮೇಲೆ ಒಂದು ಗೆರೆ ಹಿಡಿದು ನಂದಿಬೆಟ್ಟದ ಪಕ್ಕಕ್ಕೆ ಹೊರಟುಬಿಡುತ್ತದೆ. ಅದು ಕಣ್ಮರೆಯಾಗಿ ಹತ್ತು ನಿಮಿಷ ಕಾದು ಮುಂದಿನದನ್ನು ಬಿಡಬೇಕು. ಒಂದು ಬೆಳಗ್ಗೆ ಪೂರ್ತಿ ಇದಕ್ಕೇ ಹೋಗುತ್ತದೆ. ಮೊದಲ ಸಲ ಹಕ್ಕಿ ಗುಂಪಿನ ಹೊತ್ತಿಗಿಂತ ಬಹಳ ತಡ ಮಾಡುತ್ತದೆ. ಮುಂದಿನ ಸಲಗಳಲ್ಲಿ ಆ ವ್ಯತ್ಯಾಸ ಕಡಿಮೆ ಆಗುತ್ತಾ ಬರುತ್ತದೆ. ಕಡಿಮೆ ಆಗದ ಹಕ್ಕಿ ಯಾವುದು ಅಂತಲೂ ಗೊತ್ತಾಗುತ್ತದೆ, ಅದು ಇಷ್ಟು ದಿನ ಬೇರೆಯವರ ಹಿಂದೆ ಬಂದು ಹೆಸರು ಮಾಡಿದ್ದು.

ಒಂಟಿ ಟಾಸ್‌ನಲ್ಲಿ ಗಿಡುಗದ ಅಪಾಯ ಜಾಸ್ತಿ, ಒಪ್ಪುತ್ತೇನೆ. ಹದ್ದು, ಗಿಡುಗ ಸುತ್ತುವ ಜಾಗ, ಹೊತ್ತು ನೋಡಿಕೊಂಡು ಬಿಡಬೇಕು. ಒಂದೆರಡು ಹಕ್ಕಿ ಹೋಗಲೂಬಹುದು. ಆದರೂ ಐನೂರು ಕಿಲೋಮೀಟರ್ ಆಚೆ ಹೋಗಿ ಮನೆ ಮರೆಯುವುದಕ್ಕಿಂತ ಐವತ್ತು ಕಿಲೋಮೀಟರಿನಲ್ಲಿ ಕಲಿಯುವುದು ಹಕ್ಕಿಗೆ ಒಳ್ಳೆಯದು.

ಎರಡನೆಯದು ಕಾಳು. ಪಾರಿವಾಳ ಗಂಟೆಗಟ್ಟಲೆ ಹಾರುವಾಗ ಉರಿಸುವುದು ಮುಖ್ಯವಾಗಿ ಮೈಯ ಕೊಬ್ಬು. ವೇಗಕ್ಕಾಗಿ ಹಕ್ಕಿಯನ್ನು ತೆಳ್ಳಗೆ ಇಡುವ ಚಟ ಬಹಳ ಜನಕ್ಕಿದೆ. ಏಳು ಗಂಟೆಯ ದಾರಿಗೆ ಏಳು ಗಂಟೆಗೆ ಸಾಕಾಗುವಷ್ಟೇ ತುಂಬಿಸಿ ಕಳಿಸಿದರೆ ಎಂಟನೇ ಗಂಟೆಗೆ ಅದರ ಹತ್ತಿರ ಏನೂ ಇರುವುದಿಲ್ಲ. ಅಷ್ಟು ದೂರಕ್ಕೆ ವಾರದ ಮೊದಲ ಭಾಗದಲ್ಲಿ ಹಗುರ ಕಾಳು, ಗೋಧಿ, ಜೋಳ, ಸಜ್ಜೆ. ಬುಟ್ಟಿಗೆ ಹಾಕುವ ಮೂರ್ನಾಲ್ಕು ದಿನ ಮುಂಚಿನಿಂದ ಮೆಕ್ಕೆಜೋಳ ಏರಿಸಿ, ಕುಸುಬೆ, ಸ್ವಲ್ಪ ಹಸಿ ಕಡಲೇಕಾಯಿ ಬೀಜ. ಹಕ್ಕಿ ತಯಾರಾಗಿದೆಯೋ ಇಲ್ಲವೋ ಕೈಯಲ್ಲಿ ಹಿಡಿದರೆ ತಿಳಿಯುತ್ತದೆ. ಎದೆ ಮೂಳೆಯ ಎರಡೂ ಪಕ್ಕ ಮಾಂಸ ತುಂಬಿ ಗಟ್ಟಿಯಾಗಿ ಪುಟಿಯುವಂತಿರಬೇಕು, ಬಾಯಿ ತೆರೆದರೆ ಗಂಟಲು ತಿಳಿ ಗುಲಾಬಿ, ಮೂಗಿನ ಮೇಲಿನ ಗಂಟು ಬಿಳುಪಾಗಿ ಪುಡಿ ಹಿಡಿದಿರಬೇಕು. ಹಿಡಿದಾಗ ನೋಡುವುದಕ್ಕಿಂತ ಹಗುರ ಅನಿಸಬೇಕು. ಬೆಳಿಗ್ಗೆ ಗೂಡಿನ ನೆಲ ನೋಡಿ. ಹಿಕ್ಕೆ ಗುಂಡಗೆ, ಗಟ್ಟಿಯಾಗಿ, ತುದಿಗೆ ಬಿಳಿ ಇದ್ದು, ಸುತ್ತ ಸಣ್ಣ ಪುಕ್ಕ ಉದುರಿದ್ದರೆ ಒಳಗೆ ಎಲ್ಲಾ ಸರಿ ಇದೆ. ಹಸಿರು ನೀರು ಹಿಕ್ಕೆ ಕಂಡರೆ ಕಪ್ ಎಷ್ಟೇ ದೊಡ್ಡದಿರಲಿ ಆ ಹಕ್ಕಿ ಮನೆಯಲ್ಲಿರಲಿ. ರೆಕ್ಕೆಯ ಹತ್ತು ಉದ್ದ ಗರಿಗಳಲ್ಲಿ ತುದಿಯ ಗರಿ ಬೀಳಿಸಿಕೊಂಡಿದ್ದನ್ನೂ ದೂರಕ್ಕೆ ಕಳಿಸಬೇಡಿ.

ಗಂಡನ್ನೂ ಹೆಣ್ಣನ್ನೂ ಬೇರೆ ಇಟ್ಟು, ಬುಟ್ಟಿಗೆ ಹಾಕುವ ಮುಂಚೆ ಒಂದಿಷ್ಟು ಹೊತ್ತು ಜೊತೆ ತೋರಿಸಿ ಕಳಿಸುವ ಪದ್ಧತಿ ಬೆಲ್ಜಿಯಂನಿಂದ ಎಲ್ಲಾ ಕಡೆ ಹರಡಿದೆ. ಅದರಿಂದ ಹಕ್ಕಿ ಜೀವ ಬಿಟ್ಟು ಹಾರುತ್ತದೆ, ಸಂಶಯವಿಲ್ಲ. ಆದರೆ ಅವಸರದ ಹಕ್ಕಿ ನಿಲ್ಲುವುದಿಲ್ಲ. ದಾರಿ ಕಲಸಿಹೋದಾಗ ಇಳಿದು ಕೂರುವ ಬುದ್ಧಿ ಬೇಕು. ಇನ್ನೂರು ಮುನ್ನೂರು ಕಿಲೋಮೀಟರಿಗೆ ಈ ಪದ್ಧತಿ ಇರಲಿ. ಅದಕ್ಕಿಂತ ದೂರಕ್ಕೆ ಮೊಟ್ಟೆ ಮೇಲೆ ಕೂತ ಅಥವಾ ಪುಟ್ಟ ಮರಿ ಇರುವ ಜೋಡಿಯ ಹಕ್ಕಿಯನ್ನೇ ನಾನು ನಂಬುತ್ತೇನೆ. ಅದಕ್ಕೆ ಮನೆಗೆ ಬರುವ ಆಸೆಯೂ ಇದೆ, ತಾಳ್ಮೆಯೂ ಇದೆ.

ಮೂರನೆಯದು ಬಿಡುವವರ ಕೆಲಸ. ನನ್ನ ಮಟ್ಟಿಗೆ ಇಡೀ ರೇಸ್‌ನಲ್ಲಿ ಇದಕ್ಕಿಂತ ದೊಡ್ಡ ಜವಾಬ್ದಾರಿ ಇಲ್ಲ. ಸಾಕುವವನು ತನ್ನ ಹಕ್ಕಿಗೆ ಮಾತ್ರ ಹೊಣೆ. ಲಾರಿಯ ಜೊತೆ ಹೋಗಿ ಬಾಗಿಲು ತೆರೆಯುವವನು ಎಲ್ಲರ ಹಕ್ಕಿಗೂ ಹೊಣೆ. ನಾಂತ್‌ನಲ್ಲಿ ಬಾಗಿಲು ತೆರೆದವರಿಗೆ ಕಾಂಕಾರ್ಡ್ ವಿಷಯ ಗೊತ್ತಿರಲು ಸಾಧ್ಯವೇ ಇರಲಿಲ್ಲ, ಅವರನ್ನು ದೂರುವಂತಿಲ್ಲ. ಈಗ ನಮಗೆ ಗೊತ್ತಿದೆ. ಬಿಡುವ ಜಾಗದ ಆಕಾಶ ನೋಡಿದರೆ ಸಾಲದು, ದಾರಿಯ ಮಧ್ಯದ್ದೂ ನೋಡಬೇಕು, ಹಕ್ಕಿ ಅಲ್ಲಿಗೆ ಮುಟ್ಟುವ ಹೊತ್ತಿನದು. ಸೌರ ಬಿರುಗಾಳಿಯ ಮುನ್ಸೂಚನೆ ಫೋನಿನಲ್ಲೇ ಸಿಗುತ್ತದೆ. ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ ನಡೆಯುವ ಫೆಬ್ರವರಿ ನಮ್ಮ ರೇಸ್ ತಿಂಗಳೂ ಹೌದು. ಆ ದಿನಗಳಲ್ಲಿ ಉತ್ತರದಿಂದ ಬರುವ ಹಕ್ಕಿಗೆ ಊರ ಬಾಗಿಲಲ್ಲೇ ಯುದ್ಧವಿಮಾನ ಎದುರಾಗುತ್ತದೆ. ಅವು ಊರ ಮೇಲೆ ಸದ್ದಿನ ವೇಗ ದಾಟುವುದಿಲ್ಲ, ನಿಜ. ಆದರೂ ಆ ವಾರ ರೇಸ್ ಇಡುವುದು ಬೇಡ ಅನ್ನುವುದು ನನ್ನ ಮಾತು. ಸಂಶಯ ಬಂದರೆ ಹಕ್ಕಿಗಳಿಗೆ ನೀರು ಕಾಳು ಕೊಟ್ಟು ಒಂದು ದಿನ ನಿಲ್ಲಿಸಬೇಕು. ಕ್ಲಬ್‌ನವರು ಬೈಯುತ್ತಾರೆ, ಲಾರಿ ಬಾಡಿಗೆ ಜಾಸ್ತಿ ಆಗುತ್ತದೆ. ಆಗಲಿ. ಅರವತ್ತು ಸಾವಿರವನ್ನು ಒಂದೇ ಏಟಿಗೆ ಬಿಡುವ ಬದಲು ಊರಿನ ದಿಕ್ಕು ನೋಡಿ ಅರ್ಧ ಗಂಟೆ ಅಂತರದಲ್ಲಿ ಕಂತು ಕಂತಾಗಿ ಬಿಟ್ಟಿದ್ದರೆ ಆ ಅಲೆಗೆ ಎಲ್ಲವೂ ಸಿಗುತ್ತಿರಲಿಲ್ಲ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ವೇಗದ ಲೆಕ್ಕ ಪ್ರತಿ ಕಂತಿಗೂ ಬೇರೆ ಹಾಕಬಹುದು, ಅದೇನು ಕಷ್ಟವಿಲ್ಲ.

ಕೊನೆಗೆ ತಡವಾಗಿ ಬಂದ ಹಕ್ಕಿ. ನಮ್ಮಲ್ಲಿ ಮರುದಿನ, ಮೂರನೇ ದಿನ ಬಂದದ್ದಕ್ಕೆ ಬೆಲೆಯಿಲ್ಲ. ಸುಮ್ನೆ ಮಾರಿಬಿಡುತ್ತಾರೆ, ಇಲ್ಲವೇ ಯಾರಿಗೋ ಕೊಟ್ಟುಬಿಡುತ್ತಾರೆ. ಎಲ್ಲರ ಹಕ್ಕಿಯೂ ಚೆನ್ನಾಗಿ ಬಂದ ದಿನ ತಡವಾಗಿ ಬಂದದ್ದನ್ನು ಹಾಗೆ ನೋಡಬಹುದು. ಕೆಟ್ಟ ದಿನ ತಡವಾಗಿ ಬಂದ ಹಕ್ಕಿಯ ವಿಷಯ ಬೇರೆ. ಅದು ದಾರಿ ಕಳೆದುಕೊಂಡು, ಎಲ್ಲೋ ರಾತ್ರಿ ಕಳೆದು, ಒಂಟಿಯಾಗಿ ಮತ್ತೆ ದಾರಿ ಹುಡುಕಿದೆ. ಅಂಥದ್ದು ಬಂದಾಗ ಮೊದಲು ಉಗುರು ಬೆಚ್ಚಗಿನ ನೀರಿಗೆ ಚಿಟಿಕೆ ಉಪ್ಪು, ಬೆಲ್ಲ ಹಾಕಿ ಕೊಡಿ. ಗಟ್ಟಿ ಕಾಳು ಆಗಲೇ ಬೇಡ, ಒಂದು ಹಿಡಿ ಸಣ್ಣ ಕಾಳು ಸಾಕು. ಎದೆ, ತೊಡೆ, ರೆಕ್ಕೆಯ ಕೆಳಗೆ ಬೆರಳಾಡಿಸಿ ನೋಡಿ, ಕರೆಂಟ್ ತಂತಿಗೆ ಬಡಿದ ಗಾಯ ಪುಕ್ಕದ ಒಳಗೆ ಮುಚ್ಚಿಹೋಗಿರುತ್ತದೆ. ಆ ಸೀಸನ್‌ಗೆ ಮತ್ತೆ ಬುಟ್ಟಿಗೆ ಹಾಕಬೇಡಿ. ಹಕ್ಕಿಯ ಕಾಲಿನ ರಿಂಗ್ ನಂಬರಿನ ಮುಂದೆ ಯಾವ ರೇಸ್, ಎಷ್ಟು ಹಕ್ಕಿ ಹೋಗಿತ್ತು, ಎಷ್ಟು ಬಂತು, ಇದು ಯಾವ ದಿನ ಯಾವ ಹೊತ್ತಿಗೆ ಬಂತು, ಯಾವ ಸ್ಥಿತಿಯಲ್ಲಿತ್ತು ಅಂತ ಬರೆದಿಡಿ. ಮುಂದಿನ ವರ್ಷ ದೂರದ ರೇಸ್‌ಗೆ ಜೋಡಿ ಕಟ್ಟುವಾಗ ಆ ಪುಟವನ್ನು ತೆಗೆದು ನೋಡಿ. ನಾಂತ್ ರೇಸ್‌ನಿಂದ ದಿನಗಳ ಮೇಲೆ ಬಂದವುಗಳಲ್ಲಿ ಬರೀ ಅದೃಷ್ಟದ ನಿಧಾನಿಗಳೂ ಇದ್ದವು, ಕಾಲುವೆಯ ಮೇಲೆ ಸಿಕ್ಕಿಬಿದ್ದು ದಡಕ್ಕೆ ವಾಪಸ್ ಹೋಗಿ ಸುಧಾರಿಸಿಕೊಂಡು ಮತ್ತೆ ದಾಟಿದವೂ ಇದ್ದಿರಬೇಕು. ಎರಡನ್ನೂ ಬೇರೆ ಮಾಡಿ ತಿಳಿಯಲು ಅವುಗಳ ಮರಿಗಳನ್ನು ಹಾರಿಸಿ ನೋಡುವುದು ಬಿಟ್ಟರೆ ಬೇರೆ ದಾರಿಯಿಲ್ಲ.